ಚಳಿಗಾಲದ ಮೀನು, ಶರತ್ಕಾಲದ ಗಾಳಿ

ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತದ ಒಳನಾಡಿನಲ್ಲಿ, ಕ್ಯಾಮ್ಲೂಪ್ಸ್ ಮತ್ತು ಮೆರಿಟ್ ಪಟ್ಟಣಗಳ ಸುತ್ತಲಿನ ಎತ್ತರದ ಬಯಲಿನಲ್ಲಿ, ನೂರಾರು ಪುಟ್ಟ ಸರೋವರಗಳಿವೆ. ಅವುಗಳಲ್ಲಿ ಬಹಳಷ್ಟರಲ್ಲಿ ಮೂಲತಃ ಮೀನೇ ಇರಲಿಲ್ಲ. ಹಿಮಯುಗ ಕಳೆದ ಮೇಲೆ ನದಿಯಿಂದ ಏರಿ ಬರಬೇಕಿದ್ದ ಮೀನುಗಳಿಗೆ ಜಲಪಾತಗಳು ಅಡ್ಡವಾದವು. ಇನ್ನು ಕೆಲವು ಸರೋವರಗಳಿಗೆ ತೊರೆಯ ನಂಟೇ ಇಲ್ಲ. ಇಪ್ಪತ್ತನೆಯ ಶತಮಾನದ ಆರಂಭದಿಂದ ಜನರೇ ಅಲ್ಲಿ ರೈನ್‌ಬೋ ಟ್ರೌಟ್ ಮರಿಗಳನ್ನು ಬಿಡತೊಡಗಿದರು. ಕ್ಯಾಮ್ಲೂಪ್ಸ್ ಬಳಿಯ ಪಾಲ್ ಸರೋವರಕ್ಕೆ ಮರಿಗಳು ಬಿದ್ದದ್ದು 1909ರಲ್ಲಿ. ಪೈಪೋಟಿಗೆ ಬೇರೆ ಮೀನಿಲ್ಲ, ನೀರಿನ ತುಂಬ ಸಣ್ಣ ಸಿಗಡಿ ಮತ್ತು ಕೀಟಗಳು. ಟ್ರೌಟ್ ಬಲು ಬೇಗ ದಷ್ಟಪುಷ್ಟವಾಗಿ ಬೆಳೆಯಿತು. ಹರಿವ ತೊರೆಯ ಜಲ್ಲಿಯಲ್ಲಿ ಮಾತ್ರ ಮೊಟ್ಟೆಯಿಡುವ ಈ ಮೀನು ನಿಂತ ನೀರಿನಲ್ಲಿ ಸಂತಾನ ಬೆಳೆಸಲಾರದು. ಹಾಗಾಗಿ ತೊರೆಯಿಲ್ಲದ ಕಡೆ ಮರಿಗಳ ಬಿತ್ತನೆ ಮತ್ತೆ ಮತ್ತೆ ನಡೆಯಲೇಬೇಕು. ಕಷ್ಟ ಇರುವುದು ಇನ್ನೊಂದು ಕಡೆ. ಮೀನನ್ನು ಬೇಗ ಬೆಳೆಸುವ ಸರೋವರ ಯಾವುದು? ಆಳ ಕಡಿಮೆಯಿರುವ, ಪೋಷಕಾಂಶ ಹೆಚ್ಚಿರುವ, ಗಿಡಪಾಚಿ ದಟ್ಟವಾಗಿರುವ ಸರೋವರ. ಚಳಿಗಾಲದಲ್ಲಿ ಮೀನನ್ನು ಉಸಿರುಗಟ್ಟಿಸಿ ಕೊಲ್ಲುವುದೂ ಅದೇ. ಇಂಥ ನೀರಿಗೆ ಯಂತ್ರದಿಂದ ಗಾಳಿ ಹಾಯಿಸುವ ಪದ್ಧತಿ ಬೆಳೆದುಬಂದ ದಾರಿಯನ್ನು ನೋಡಿದರೆ ಒಂದು ವಿಷಯ ಸ್ಪಷ್ಟವಾಗುತ್ತದೆ: ಗಾಳಿ ಎಷ್ಟು ಹಾಯಿಸುತ್ತೇವೆ ಎಂಬುದಕ್ಕಿಂತ ಯಾವಾಗ, ಯಾವ ಆಳದಲ್ಲಿ ಹಾಯಿಸುತ್ತೇವೆ ಎಂಬುದೇ ಮುಖ್ಯ.

ಸಾವಿನ ಬಗೆ ಹೀಗಿದೆ. ತಣ್ಣೀರು ಬಿಸಿನೀರಿಗಿಂತ ಹೆಚ್ಚು ಆಮ್ಲಜನಕವನ್ನು ಹಿಡಿದಿಡುತ್ತದೆ. ಸಮುದ್ರಮಟ್ಟದಲ್ಲಿ 25 ಡಿಗ್ರಿಯ ನೀರಿನಲ್ಲಿ ಲೀಟರಿಗೆ 8 ಮಿಲಿಗ್ರಾಮಿನಷ್ಟು ಕರಗಿದರೆ, 0 ಡಿಗ್ರಿಯಲ್ಲಿ 14 ಮಿಲಿಗ್ರಾಮಿಗೂ ಹೆಚ್ಚು ಕರಗಬಲ್ಲದು. ಅಂದರೆ ಚಳಿಗಾಲದ ಆರಂಭದಲ್ಲಿ ಸರೋವರದ ಕೈಯಲ್ಲಿ ಒಳ್ಳೆಯ ಇಡುಗಂಟು ಇರಬೇಕು. ಮೇಲ್ಮೈ ಹೆಪ್ಪುಗಟ್ಟಿದ ದಿನದಿಂದ ಅದಕ್ಕೆ ಹೊರಗಿನ ಆದಾಯ ನಿಲ್ಲುತ್ತದೆ, ಖರ್ಚು ಮಾತ್ರ ನಿಲ್ಲುವುದಿಲ್ಲ. ತಳದ ಹೂಳಿನಲ್ಲಿ ಬೇಸಿಗೆಯ ಗಿಡಪಾಚಿಗಳು ಕೊಳೆಯುತ್ತಲೇ ಇರುತ್ತವೆ. ಮೀನು ಉಸಿರಾಡುವುದಕ್ಕಿಂತ ಎಷ್ಟೋ ಪಾಲು ಹೆಚ್ಚಿನ ಆಮ್ಲಜನಕವನ್ನು ಆ ಹೂಳಿನ ಸೂಕ್ಷ್ಮಜೀವಿಗಳು ಹೀರುತ್ತವೆ. ಮಟ್ಟ ಎರಡು ಮೂರು ಮಿಲಿಗ್ರಾಮಿಗೆ ಇಳಿದಾಗ ಟ್ರೌಟ್‌ಗೆ ಕುತ್ತು. ವಸಂತದಲ್ಲಿ ಮಂಜುಗಡ್ಡೆ ಕರಗಿ, ದಡಕ್ಕೆ ಸತ್ತ ಮೀನುಗಳು ಬಂದು ತಾಗುವವರೆಗೆ ಹೊರಗಿನವರಿಗೆ ಸುಳಿವೇ ಸಿಗದು. ಆಮ್ಲಜನಕ ಸೋತ ನೀರು ಕನ್ನಡಿಗರಿಗೆ ಅಪರಿಚಿತವಲ್ಲ. 2016ರ ಮಾರ್ಚ್‌ನಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದಾಗಲೂ ಮುಂದೆ ಬಂದ ಕಾರಣ ಇದೇ; ಅಲ್ಲಿ ಕೊಳಚೆ ಮತ್ತು ಬಿಸಿಲು, ಇಲ್ಲಿ ಹೂಳು ಮತ್ತು ಕತ್ತಲು.

ಕತ್ತಲು ಎಂದದ್ದಕ್ಕೆ ಕಾರಣವಿದೆ. ಮಂಜುಗಡ್ಡೆ ಮುಚ್ಚಳ ಹಾಕಿದ್ದರಿಂದ ಮೀನು ಸಾಯುತ್ತದೆ, ಒಂದಷ್ಟು ತೂತು ಕೊರೆದರೆ ಬದುಕುತ್ತದೆ ಎಂಬುದು ಹಳೆಯ ನಂಬಿಕೆ. ತೂತಿನಿಂದ ಪ್ರಯೋಜನವಿಲ್ಲ, ನಿಶ್ಚಲ ನೀರಿನಲ್ಲಿ ಆಮ್ಲಜನಕ ತಾನಾಗಿ ಹರಡುವ ವೇಗ ತೀರಾ ಕಡಿಮೆ. ಮಿಷಿಗನ್‌ನ ಸರೋವರಗಳನ್ನು ಅಧ್ಯಯನ ಮಾಡಿ ಜಾನ್ ಗ್ರೀನ್‌ಬ್ಯಾಂಕ್ 1945ರಲ್ಲಿ ಪ್ರಕಟಿಸಿದ ಪ್ರಬಂಧ ಗಮನವನ್ನು ಬೆಳಕಿನತ್ತ ತಿರುಗಿಸಿತು. ತಿಳಿಯಾದ ಮಂಜುಗಡ್ಡೆಯ ಮೂಲಕ ಬಿಸಿಲು ಇಳಿಯುತ್ತದೆ, ಅದರಡಿಯ ಪಾಚಿ ಆಮ್ಲಜನಕ ಕೊಡುತ್ತಲೇ ಇರುತ್ತದೆ. ಅದರ ಮೇಲೆ ಹಿಮ ಬಿದ್ದು ದಪ್ಪಗೆ ಕೂತರೆ ಬೆಳಕಿಗೂ ದಾರಿಯಿಲ್ಲ. ಸರೋವರದ ಮೇಲಿನ ಹಿಮವನ್ನು ಗುಡಿಸಿ ತೆಗೆಯುವ ಉಪಾಯ ಹುಟ್ಟಿದ್ದು ಈ ತಿಳಿವಳಿಕೆಯಿಂದ. ಆದರೆ ಎಕರೆಗಟ್ಟಲೆ ಹಿಮ ತೆಗೆದ ಮಾರನೆಯ ದಿನವೇ ಮತ್ತೆ ಹಿಮ ಸುರಿಯಬಹುದು.

ಗಾಳಿಯ ಕಂಪ್ರೆಸರ್ ಬಂದದ್ದು ಈ ಕೊರತೆಗೆ. ದಡದಲ್ಲಿ ಯಂತ್ರ, ತಳದವರೆಗೆ ಕೊಳವೆ, ಕೊನೆಯಲ್ಲಿ ಸಣ್ಣ ರಂಧ್ರಗಳಿಂದ ಏಳುವ ಗುಳ್ಳೆಗಳು. ಗುಳ್ಳೆಯೊಳಗಿನ ಗಾಳಿಯೇ ಕರಗಿ ಮೀನಿಗೆ ಸಿಗುತ್ತದೆ ಎಂದು ಅನ್ನಿಸುವುದು ಸಹಜ, ಆದರೆ ಆಳವಿಲ್ಲದ ನೀರಿನಲ್ಲಿ ಹಾಗೆ ಕರಗುವುದು ಅಲ್ಪ. ಏಳುವ ಗುಳ್ಳೆಗಳು ತಳದ ನೀರನ್ನು ಜೊತೆಗೆ ಎಳೆದುಕೊಂಡು ಬರುತ್ತವೆ. ಆ ನೀರು ಮೇಲ್ಮೈಯನ್ನು ಮುಟ್ಟಿ ಬಾನಿನ ಗಾಳಿಯಿಂದ ಆಮ್ಲಜನಕ ಪಡೆಯುತ್ತದೆ. ಅಂದರೆ ಇದು ನೀರನ್ನು ಮಗುಚುವ ಸಾಧನ. ಮಗುಚುವ ಕೆಲಸವನ್ನು ಪ್ರಕೃತಿ ಪ್ರತಿ ಶರತ್ಕಾಲದಲ್ಲಿ ತಾನೇ ಮಾಡುತ್ತದೆ: ಮೇಲಿನ ನೀರು ತಣಿದು ಭಾರವಾಗಿ ಇಳಿಯುತ್ತದೆ, ಬೀಸುವ ಗಾಳಿ ಇಡೀ ಸರೋವರವನ್ನು ಕಲಕುತ್ತದೆ. ಮೆರಿಟ್ ಬಳಿಯ ಕಾರ್ಬೆಟ್ ಸರೋವರ ಸೇರಿದಂತೆ ಮೂರು ಪುಟ್ಟ ಸರೋವರಗಳ ಕುರಿತು ಟಿ. ಜಿ. ಹಾಲ್ಸಿ 1968ರಲ್ಲಿ ಪ್ರಕಟಿಸಿದ ಅಧ್ಯಯನದ ಮಹತ್ವ ಇರುವುದು ಇಲ್ಲಿಯೇ. ಗಾಳಿಗೆ ಮರೆಯಾದ ಸರೋವರ ಪೂರ್ತಿ ಕಲಕುವ ಮೊದಲೇ ಥಟ್ಟನೆ ಹೆಪ್ಪುಗಟ್ಟಿಬಿಡುತ್ತದೆ; ಅರ್ಧ ತುಂಬಿದ ಇಡುಗಂಟಿನೊಂದಿಗೆ ಚಳಿಗಾಲಕ್ಕೆ ಕಾಲಿಡುತ್ತದೆ. ಹೆಪ್ಪುಗಟ್ಟುವ ಮುನ್ನ ಯಂತ್ರದಿಂದ ಕಲಕಿದರೆ ಆ ಕೊರತೆ ತುಂಬುತ್ತದೆ. ಜನವರಿಯ ಸಾವಿನ ಕಾರಣವನ್ನು ಅಕ್ಟೋಬರಿನಲ್ಲಿ ಹುಡುಕಿದ್ದು ಈ ಕ್ಷೇತ್ರದ ಅತ್ಯಂತ ಬೆಲೆಬಾಳುವ ಹೆಜ್ಜೆ ಎಂದು ನಾನು ತಿಳಿದಿದ್ದೇನೆ.

ತಡವಾದರೆ ಇದೇ ಯಂತ್ರ ಕೊಲೆಗಾರನಾಗಬಹುದು. ಫೆಬ್ರವರಿಯ ಹೊತ್ತಿಗೆ ತಳದ ನೀರಿನಲ್ಲಿ ಆಮ್ಲಜನಕ ಶೂನ್ಯವಾಗಿ, ಹೈಡ್ರೋಜನ್ ಸಲ್ಫೈಡಿನಂಥ ವಿಷಾನಿಲ ಸೇರಿರುತ್ತದೆ. ಮೀನು ಮೇಲಿನ ತೆಳುಪದರದಲ್ಲಿ ಹೇಗೋ ಜೀವ ಹಿಡಿದಿರುತ್ತದೆ. ಆಗ ಹೆದರಿ ಯಂತ್ರ ಚಾಲೂ ಮಾಡಿದರೆ ತಳದ ಕೆಟ್ಟ ನೀರು, ಕದಡಿದ ಹೂಳು ಎರಡೂ ಮೇಲೆ ಬಂದು ಉಳಿದ ಆಸರೆಯನ್ನೂ ನುಂಗುತ್ತವೆ. ಅತಿಯಾಗಿ ಕಲಕುವುದೂ ತಪ್ಪು. ನೀರು ಅತಿ ಭಾರವಾಗಿರುವುದು 4 ಡಿಗ್ರಿಯಲ್ಲಿ. ಅಷ್ಟು ಬೆಚ್ಚಗಿನ ನೀರು ಚಳಿಗಾಲವಿಡೀ ತಳದಲ್ಲಿ ಉಳಿಯುತ್ತದೆ. ಇಡೀ ಸರೋವರವನ್ನು ಕಲಕುತ್ತ ಹೋದರೆ ಆ ಬಿಸುಪು ಬಾನಿಗೆ ಸೋರಿ ನೀರೆಲ್ಲ 0 ಡಿಗ್ರಿಯ ಹತ್ತಿರಕ್ಕೆ ಬರುತ್ತದೆ. ಆದ್ದರಿಂದಲೇ ಚಳಿಗಾಲದಲ್ಲಿ ನಡೆಸಬೇಕಾದ ಗಾಳಿಕೊಳವೆಯನ್ನು ಅತ್ಯಂತ ಆಳದಲ್ಲಿ ಇಡದೆ, ಆಳ ಕಡಿಮೆಯಿರುವ ಒಂದು ಭಾಗದಲ್ಲಿಟ್ಟು, ಮೀನು ಬಂದು ಸೇರಲು ಸಾಕಾಗುವಷ್ಟು ಆಸರೆಯನ್ನು ಮಾತ್ರ ಮಾಡಿಕೊಡುವುದು ವಿವೇಕ.

ಇಷ್ಟೆಲ್ಲ ಕಷ್ಟವೇಕೆ, ಸತ್ತರೆ ಮತ್ತೆ ಮರಿ ಬಿಟ್ಟರಾಯಿತಲ್ಲ ಎಂಬ ಆಕ್ಷೇಪಕ್ಕೆ ಆಧಾರವಿಲ್ಲದೆ ಇಲ್ಲ. ಮ್ಯಾನಿಟೋಬಾದ ಎರಿಕ್ಸನ್ ಸುತ್ತಲಿನ ಹುಲ್ಲುಗಾವಲಿನ ಹೊಂಡಗಳಲ್ಲಿ 1960ರ ದಶಕದ ಕೊನೆಯಲ್ಲಿ ಮಾಡಿದ್ದು ಹಾಗೆಯೇ: ವಸಂತದಲ್ಲಿ ಬಿತ್ತನೆ, ಶರತ್ಕಾಲದಲ್ಲಿ ಕೊಯ್ಲು. ಚಳಿಗಾಲದ ಸಾವು ಬೇರೆ ಮೀನುಗಳನ್ನು ಅಳಿಸಿ ಹೊಂಡವನ್ನು ಟ್ರೌಟ್‌ಗೆ ತೆರವು ಮಾಡಿಕೊಡುತ್ತಿತ್ತು. ಅಲ್ಲಿ ಯಂತ್ರ ಬೇಕಿರಲಿಲ್ಲ. ಆದರೆ ಎರಡು ಮೂರು ವರ್ಷ ಬಾಳಿ ಬೆಳೆದ ಮೀನು ಬೇಕೆನ್ನುವ ಕಡೆ ಆ ಲೆಕ್ಕ ನಡೆಯದು. ಒಂದು ಕೆಟ್ಟ ಚಳಿಗಾಲ ಎಲ್ಲ ವಯಸ್ಸಿನ ಮೀನನ್ನೂ ಒಟ್ಟಿಗೆ ಅಳಿಸುತ್ತದೆ. ಅದೇ ಮ್ಯಾನಿಟೋಬಾದ ಸರೋವರಗಳಿಂದ ಬರಿಕಾ ಮತ್ತು ಮಥಾಯಸ್ 1979ರಲ್ಲಿ ತೋರಿಸಿದ ಸಂಗತಿ ಇಲ್ಲಿ ನೆರವಿಗೆ ಬರುತ್ತದೆ: ಹೆಪ್ಪುಗಟ್ಟುವಾಗ ಇದ್ದ ಆಮ್ಲಜನಕದ ಸಂಗ್ರಹ ಮತ್ತು ಸರೋವರದ ಸರಾಸರಿ ಆಳ, ಇವೆರಡು ತಿಳಿದರೆ ಅಪಾಯವನ್ನು ಮೊದಲೇ ಅಂದಾಜಿಸಬಹುದು. ಆಳ ಕಡಿಮೆಯಾದಷ್ಟೂ ನೀರಿನ ಪ್ರತಿ ಲೀಟರಿಗೆ ಸಿಗುವ ಹೂಳಿನ ಪಾಲು ಹೆಚ್ಚು, ಖರ್ಚಿನ ವೇಗವೂ ಹೆಚ್ಚು.

ಇನ್ನೂ ಗಂಭೀರವಾದ ಆಕ್ಷೇಪ ನಿಸರ್ಗಪ್ರಿಯರದು. ಮೀನಿಲ್ಲದ ನೀರೂ ಬರಿದಲ್ಲ. ಸಲಮಾಂಡರ್‌ಗಳು, ಕೀಟಗಳು, ಅವನ್ನು ತಿನ್ನುವ ಬಾತುಗಳು ಅಂಥ ಕಡೆಯೇ ಹುಲುಸಾಗುತ್ತವೆ. ಈ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ. ಹೊಸದಾಗಿ ಮೀನು ತುಂಬಲೆಂದು ಯಂತ್ರ ಹೂಡುವುದಕ್ಕೆ ನನ್ನ ಸಮ್ಮತಿಯಿಲ್ಲ. ಆದರೆ ದಶಕಗಳಿಂದ ನಾವೇ ಮರಿ ಬಿಡುತ್ತ ಬಂದ ಸರೋವರದಲ್ಲಿ ಆ ಜೀವಗಳ ಹೊಣೆಯೂ ನಮ್ಮದೇ. ದಡದ ಗೊಬ್ಬರ, ದನದ ಸಗಣಿ ನೀರಿಗೆ ಇಳಿಯುವುದನ್ನು ತಡೆಯದೆ ಗಾಳಿಯೊಂದನ್ನೇ ನಂಬುವುದೂ ಆ ಹೊಣೆಯಿಂದ ನುಣುಚಿಕೊಂಡಂತೆ.

ಮನುಷ್ಯರ ಪ್ರಾಣದ ಪ್ರಶ್ನೆ ಎಲ್ಲಕ್ಕಿಂತ ದೊಡ್ಡದು. ಚಳಿಗಾಲವಿಡೀ ಗುಳ್ಳೆ ಏಳುವ ಕಡೆ ಮಂಜುಗಡ್ಡೆ ತೆಳುವಾಗುತ್ತದೆ ಅಥವಾ ನೀರು ಬಯಲಾಗಿಯೇ ಇರುತ್ತದೆ. ಹೆಪ್ಪುಗಟ್ಟಿದ ಸರೋವರದ ಮೇಲೆ ನಡೆದು, ಸ್ನೋಮೊಬೈಲ್ ಓಡಿಸಿ ಹೋಗುವ ನಾಡಿನಲ್ಲಿ ಅದು ಸಾವಿನ ಬಾಯಿ. ಅಮೆರಿಕದ ಮಿನೆಸೋಟಾ ರಾಜ್ಯ ಇದಕ್ಕೆ ಪರವಾನಗಿ, ಪತ್ರಿಕೆಯಲ್ಲಿ ಪ್ರಕಟಣೆ, ಎಚ್ಚರಿಕೆ ಫಲಕಗಳನ್ನು ಕಡ್ಡಾಯ ಮಾಡಿದೆ. ಕೆನಡಾದ ಆಲ್ಬರ್ಟಾದಲ್ಲಿ ಬೇಲಿ ಹಾಕುತ್ತಾರೆ. ಸಾಕಷ್ಟು ಆಳವಿರುವ, ಶರತ್ಕಾಲದ ಕಲಕಾಟ ಮಾತ್ರ ಅರ್ಧಕ್ಕೆ ನಿಲ್ಲುವ ಸರೋವರದಲ್ಲಿ ಈ ಅಪಾಯವನ್ನು ಹೊತ್ತುಕೊಳ್ಳುವ ಅಗತ್ಯವೇ ಇಲ್ಲ. ಹೆಪ್ಪುಗಟ್ಟುವ ಮೊದಲು ಕೆಲವು ವಾರ ಗಾಳಿ ಹಾಯಿಸಿ, ನೀರು ತುಂಬ ಆಮ್ಲಜನಕ ತುಂಬಿಸಿ, ಯಂತ್ರ ನಿಲ್ಲಿಸಿಬಿಡಬಹುದು. ಮಂಜುಗಡ್ಡೆ ಎಲ್ಲೆಡೆ ಒಂದೇ ಸಮನೆ ಗಟ್ಟಿಯಾಗುತ್ತದೆ. ಅಷ್ಟು ಆಳವಿಲ್ಲದ ಕಡೆ ಬೇಲಿ, ಫಲಕ, ಕಾವಲಿಗೆ ಹಣವಿದ್ದರೆ ಚಳಿಗಾಲದಲ್ಲೂ ಯಂತ್ರ ನಡೆಯಲಿ; ಇಲ್ಲದಿದ್ದರೆ ಎರಿಕ್ಸನ್ ಕ್ರಮದಂತೆ ವಸಂತದಲ್ಲಿ ಬಿಟ್ಟ ಮೀನನ್ನು ಶರತ್ಕಾಲದಲ್ಲಿ ಹಿಡಿದು ಮುಗಿಸುವುದು ಮೇಲು.