ನಿಮಗಿದು ಗೊತ್ತೇ? ಮಗುವಿನ ತಪಾಸಣೆಗೆ ಮನೆಯಲ್ಲೇ ಶುರುವಾಗುತ್ತದೆ ಸರದಿ!

“ಅವರಪ್ಪಗೂ ತಡವಾಗೇ ಮಾತು ಬಂತು, ಬಿಡ್ರಿ.” ರಾಯಚೂರು ಜಿಲ್ಲೆಯ ದೇವದುರ್ಗ, ಮಾನ್ವಿಯ ಕಡೆ ಹಿರಿಯರು ಹೀಗೆ ಸಮಾಧಾನ ಹೇಳುವುದುಂಟು. ಆದರೆ ಎಷ್ಟೋ ಮಕ್ಕಳ ಕಾಯುವಿಕೆ ಶುರುವಾಗುವುದು ಈ ಮಾತಿನಿಂದಲೇ!

ನಿಮ್ಮ ಮನೆಯ ತಾಯಿ ಕಾರ್ಡ್ ತೆಗೆದು ನೋಡಿ. ಲಸಿಕೆಯ ಪಟ್ಟಿಯಷ್ಟೇ ಅಲ್ಲ, ಯಾವ ತಿಂಗಳಿಗೆ ಮಗು ನಗಬೇಕು, ಕೂರಬೇಕು, ಮಾತಾಡಬೇಕು ಎಂಬುದೂ ಚಿತ್ರಸಮೇತ ಅದರಲ್ಲಿದೆ!

ವೈದ್ಯರೇ ಅಂಗನವಾಡಿಗೆ ಬರುತ್ತಾರೆ, ಗೊತ್ತೇ? 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ನಿಯಮವಿದು. ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಶಾಲೆಗೆ ಒಂದು ಸಲ. 18 ವರ್ಷದವರೆಗೂ ಉಚಿತ!

ಮಾತು ಬಾರದ ಮಗುವಿಗೆ ಮೊದಲು ನೋಡಿಸಬೇಕಾದ್ದು ಏನು? ಕಿವಿ! ಕೇಳಿಸದಿದ್ದರೆ ಮಾತು ಕಲಿಯುವುದಾದರೂ ಹೇಗೆ?

ಮಾತು, ಒಡನಾಟಕ್ಕೆ ತೊಡಕಾಗುವ ಆಟಿಸಂ ಪತ್ತೆಗೆ ರಕ್ತಪರೀಕ್ಷೆಯೂ ಇಲ್ಲ, ಸ್ಕ್ಯಾನೂ ಇಲ್ಲ. ಮಗುವನ್ನು ಕೂತು ನೋಡಬೇಕು, ಹೆತ್ತವರ ಮಾತು ಕೇಳಬೇಕು. ನಮ್ಮ ದೇಶದ್ದೇ ಆದ ಅಳತೆಗೋಲು ‘ಐಸಾ’ದಲ್ಲಿ 40 ಅಂಶಗಳಿವೆ. ಒಂದೊಂದು ಮಗುವಿಗೂ ಬಹಳ ಹೊತ್ತು ಬೇಕು. ತಪಾಸಣೆಯ ಸಾಲು ಬೆಳೆಯಲು ಇದೂ ಒಂದು ಕಾರಣ!

ಸಿರಿವಂತ ಇಂಗ್ಲೆಂಡಿನಲ್ಲೂ ಇದೇ ಪಾಡು! ಮೂರು ತಿಂಗಳೊಳಗೆ ಆಟಿಸಂ ತಪಾಸಣೆ ಶುರುವಾಗಬೇಕೆಂಬ ಮಾರ್ಗಸೂಚಿ ಅಲ್ಲಿದೆ. ಸಾಲಿನಲ್ಲಿರುವವರು ಮಾತ್ರ ಎರಡು ಲಕ್ಷಕ್ಕೂ ಹೆಚ್ಚು!

1995ರ ಅಂಗವಿಕಲರ ಕಾಯ್ದೆಯಲ್ಲಿ ಇದ್ದದ್ದು ಏಳೇ ಬಗೆಯ ವೈಕಲ್ಯ. 2016ರ ಕಾಯ್ದೆಯಲ್ಲಿ ಅದು 21 ಆಯಿತು. ಆಟಿಸಂ, ಕಲಿಕಾ ನ್ಯೂನತೆ ಎರಡೂ ಸೇರಿದವು!

ಜಿಲ್ಲೆಗಳಿಗೆ ಮಾನಸಿಕ ಆರೋಗ್ಯ ಸೇವೆ ಒಯ್ಯುವ ಮಾದರಿ ಹುಟ್ಟಿದ್ದೆಲ್ಲಿ? ದಿಲ್ಲಿಯಲ್ಲಲ್ಲ, ತುಂಗಭದ್ರೆಯ ಆಚೆಗಿನ ನಮ್ಮ ಬಳ್ಳಾರಿಯಲ್ಲಿ! 1980ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಅಲ್ಲಿ ಮಾಡಿ ತೋರಿಸಿದ್ದನ್ನೇ 1996ರಲ್ಲಿ ದೇಶ ಅನುಸರಿಸಿತು!

ಮಂಗಳವಾರಕ್ಕೂ ಮನೋವೈದ್ಯರಿಗೂ ಏನು ನಂಟು? 2014ರಲ್ಲಿ ಕರ್ನಾಟಕ ‘ಮನೋಚೈತನ್ಯ’ ಯೋಜನೆ ತಂದಿತು. ಮಂಗಳವಾರಗಳಂದು ಮನೋವೈದ್ಯರೇ ತಾಲ್ಲೂಕು ಆಸ್ಪತ್ರೆಗೆ ಬರಬೇಕೆಂಬುದು ಅದರ ಉದ್ದೇಶ. ನಿಮ್ಮ ತಾಲ್ಲೂಕಿನಲ್ಲಿ ಯಾವ ಮಂಗಳವಾರ ಬರುತ್ತಾರೆ ಎಂದು ಕೇಳಿಕೊಂಡರೆ ರಾಯಚೂರಿನ ಬಸ್ಸು ಹತ್ತುವ ಮೊದಲೇ ಒಂದು ಸಲಹೆ ಸಿಗಬಹುದು!

14416. ಇದು ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಸಂಖ್ಯೆ. ಹಗಲೂ ರಾತ್ರಿಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಈ ಫೋನಿಗೆ ಬಸ್ ಚಾರ್ಜೂ ಬೇಡ, ಕೂಲಿಯೂ ತಪ್ಪದು!

ಕೊನೆಯದು, ಎಲ್ಲಕ್ಕಿಂತ ದೊಡ್ಡದು. ತಪಾಸಣೆಯ ಸರದಿ ಬರುವ ತನಕ ಕೈಕಟ್ಟಿ ಕೂರಬೇಕಿಲ್ಲ! ಮಗುವಿನ ಎದುರು ಕೂತು ಮುಖ ನೋಡಿ ಮಾತಾಡಿ, ಜತೆಗೆ ಆಡಿ. ಮೊಬೈಲ್ ದೂರವಿಡಿ. ಅನುಮಾನ ಬಂದರೆ ನಾಳೆಯೇ ಅಂಗನವಾಡಿ ಟೀಚರನ್ನೋ ಆಶಾ ಕಾರ್ಯಕರ್ತೆಯನ್ನೋ ಕೇಳಿ. ಬೇಗ ಕೇಳಿದಷ್ಟೂ ಮಗುವಿಗೆ ಲಾಭ!