ಗಾಡಿ ಕೈಕೊಟ್ಟಿತು, ಗೆಳೆಯ ಕೈಬಿಡಲಿಲ್ಲ

1951ರ ಅಕ್ಟೋಬರ್ ತಿಂಗಳ ಒಂದು ಬೆಳಿಗ್ಗೆ. ಅರ್ಜೆಂಟೀನಾದ ಕಾರ್ಡೊಬಾ ನಗರದ ಮನೆಯೊಂದರ ದ್ರಾಕ್ಷಿ ಚಪ್ಪರದ ಕೆಳಗೆ ಇಬ್ಬರು ಗೆಳೆಯರು ಹರಟುತ್ತಿದ್ದರು. ಕೈಯಲ್ಲಿ 'ಮಾಟೆ'. ನಮಗೆ ಕಾಫಿ ಹೇಗೋ ಅಲ್ಲಿನವರಿಗೆ ಈ ಸೊಪ್ಪಿನ ಕಷಾಯ ಹಾಗೆ. ಎದುರಿಗೆ 500 ಸಿ.ಸಿ.ಯ ಹಳೆಯ ನಾರ್ಟನ್ ಮೋಟಾರ್ ಸೈಕಲ್. ಅದರ ನಟ್ಟು ಬೋಲ್ಟು ತಿರುವುತ್ತ ಬದುಕಿನ ಗೋಳನ್ನು ತೋಡಿಕೊಳ್ಳುತ್ತಿದ್ದವರಿಗೆ ಇದ್ದಕ್ಕಿದ್ದಂತೆ ಒಂದು ಯೋಚನೆ ಹೊಳೆಯಿತು: ಈ ಗಾಡಿಯಲ್ಲೇ ಖಂಡ ದಾಟಿ ಉತ್ತರ ಅಮೆರಿಕಕ್ಕೆ ಹೋದರೆ ಹೇಗೆ?

ಇಬ್ಬರಲ್ಲಿ ಒಬ್ಬ ಅರ್ನೆಸ್ಟೊ ಗೆವಾರಾ. ಮುಂದೆ 'ಚೆ' ಎಂಬ ಒಂದಕ್ಷರದಿಂದ ಜಗತ್ತಿಗೆಲ್ಲ ಪರಿಚಿತನಾದವನು. ಅವನ ಮುಖವನ್ನು ಟೀ ಷರ್ಟಿನ ಮೇಲೆ ಕಾಣದ ಊರಿಲ್ಲ. ಆದರೆ ಮೋಟಾರ್ ಸೈಕಲ್ ಅವನದಲ್ಲ, ಪ್ರವಾಸದ ಕನಸೂ ಮೊದಲಿಗೆ ಅವನದಲ್ಲ. ಎರಡರ ಒಡೆಯ ಆಲ್ಬರ್ಟೊ ಗ್ರನಾಡೊ. ಕುಷ್ಠರೋಗಿಗಳ ಆಸ್ಪತ್ರೆಯಲ್ಲಿ ದುಡಿದ ಜೀವರಸಾಯನ ತಜ್ಞ, ಆಗಷ್ಟೇ ಆ ಕೆಲಸ ಬಿಟ್ಟಿದ್ದ. ಅರ್ನೆಸ್ಟೊಗಿಂತ ಆರು ವರ್ಷ ಹಿರಿಯ. ತಮ್ಮನ ಸ್ನೇಹಿತನಾಗಿ ಮನೆಗೆ ಬರುತ್ತಿದ್ದ ಉಬ್ಬಸದ ಹುಡುಗನನ್ನು ತನ್ನ ರಗ್ಬಿ ತಂಡಕ್ಕೆ ಸೇರಿಸಿಕೊಂಡವನೂ ಅವನೇ. ಹುಡುಗನಿಗೆ 'ಫೂಸೆರ್', ಹಿರಿಯನಿಗೆ 'ಮಿಯಾಲ್' ಎಂಬ ಅಡ್ಡಹೆಸರುಗಳು ಬಿದ್ದಿದ್ದವು. ಕೊನೆಯವರೆಗೂ ಅವರು ಒಬ್ಬರಿಗೊಬ್ಬರು ಫೂಸೆರ್, ಮಿಯಾಲ್.

ಗಾಡಿಗೂ ಒಂದು ಹೆಸರಿತ್ತು. 'ಲಾ ಪೊದೆರೋಸಾ', ಅಂದರೆ ಮಹಾಬಲಶಾಲಿ. ಹೆಸರಿಗೂ ಗುಣಕ್ಕೂ ಸಂಬಂಧವಿರಲಿಲ್ಲವೆನ್ನಿ. 1951ರ ಡಿಸೆಂಬರ್ ಕೊನೆಗೆ ಕಾರ್ಡೊಬಾ ಬಿಟ್ಟ ಮೇಲೆ ಅದು ಬಿದ್ದದ್ದಕ್ಕೆ ಲೆಕ್ಕವಿಲ್ಲ. ಮರಳಿನಲ್ಲಿ ಬಿತ್ತು, ಜಲ್ಲಿಯಲ್ಲಿ ಬಿತ್ತು, ತಿರುವಿನಲ್ಲಿ ಬಿತ್ತು. ಕಿತ್ತುಬಂದದ್ದನ್ನೆಲ್ಲ ತಂತಿಯಲ್ಲಿ ಬಿಗಿದು ಮುಂದೆ ಸಾಗಬೇಕು. ಹಳೆಯ ಗಾಡಿಯಲ್ಲಿ ಊರೂರು ಸುತ್ತಿದ ಯಾರಿಗೂ ಈ ತಂತಿಯ ವೈದ್ಯ ಹೊಸದಲ್ಲ. ಒಂದು ರಾತ್ರಿಯಂತೂ ಆಶ್ರಯ ಕೊಟ್ಟ ಮನೆಯವರ ನಾಯಿಯನ್ನೇ ಪ್ಯೂಮಾ ಎಂದು ತಿಳಿದು ಅರ್ನೆಸ್ಟೊ ಗುಂಡು ಹಾರಿಸಿಬಿಟ್ಟ. ಬೆಳಿಗ್ಗೆ ಆ ಮನೆಯವರ ಮುಖ ನೋಡುವುದು ಹೇಗೆ?

ಚಿಲಿ ದೇಶದೊಳಕ್ಕೆ ಬರುವಷ್ಟರಲ್ಲಿ ಬಲಶಾಲಿಯ ಬಲ ಮುಗಿದಿತ್ತು. ಗೇರ್ ಬಾಕ್ಸ್ ಒಡೆಯಿತು, ಬ್ರೇಕ್ ಹೋಯಿತು. ಕೊನೆಗೆ ಲಾರಿಯೊಂದರ ಮೇಲೆ ಹೆಣದಂತೆ ಮಲಗಿ ಸ್ಯಾಂಟಿಯಾಗೊ ತಲುಪಿದ ಗಾಡಿಯನ್ನು ಅಲ್ಲೇ ಬಿಟ್ಟರು. ಹೊರಟು ಎರಡು ತಿಂಗಳಷ್ಟೇ ಆಗಿತ್ತು. ಪುಸ್ತಕ, ಸಿನಿಮಾಗಳ ಹೆಸರಿನಲ್ಲೆಲ್ಲ ಮೋಟಾರ್ ಸೈಕಲ್ ಇದ್ದರೂ ಪ್ರವಾಸದ ಹೆಚ್ಚಿನ ಪಾಲು ನಡೆದದ್ದು ಅದಿಲ್ಲದೆಯೇ. ಊರಿಗೆ ಹಿಂದಿರುಗಲು ಅದಕ್ಕಿಂತ ಒಳ್ಳೆಯ ನೆಪ ಬೇರೆ ಬೇಕಿರಲಿಲ್ಲ. ಇಬ್ಬರೂ ಆ ಮಾತೆತ್ತಲಿಲ್ಲ.

ಗಾಡಿ ಇದ್ದಾಗ ಅವರು ಸವಾರರು, ಜನ ಸುತ್ತ ನೆರೆದು ನೋಡುತ್ತಿದ್ದರು. ಗಾಡಿ ಹೋದ ಮೇಲೆ ಬೆನ್ನಿಗೆ ಗಂಟು ಕಟ್ಟಿದ ಇಬ್ಬರು ಅಲೆಮಾರಿಗಳು. ಹಡಗಿನಲ್ಲಿ ಕಳ್ಳತನದಿಂದ ಅಡಗಿ ಕುಳಿತರು. ಸಿಕ್ಕಿಬಿದ್ದಾಗ ಅರ್ನೆಸ್ಟೊಗೆ ಶೌಚಾಲಯ ತೊಳೆಯುವ ಕೆಲಸ ಬಂತು. ಚುಕಿಕಮಾಟ ತಾಮ್ರದ ಗಣಿಯ ದಾರಿಯಲ್ಲಿ, ಮರುಭೂಮಿಯ ಕೊರೆಯುವ ಚಳಿಯಲ್ಲಿ, ಹೊದೆಯಲು ಒಂದು ಚಿಂದಿಯೂ ಇಲ್ಲದ ಗಣಿ ಕಾರ್ಮಿಕ ಮತ್ತು ಅವನ ಹೆಂಡತಿ ಎದುರಾದರು. ಕಮ್ಯುನಿಸ್ಟನೆಂದು ಜೈಲು ಕಂಡು ಬಂದವನು. ಗೆಳೆಯರು ತಮ್ಮಲ್ಲಿದ್ದ ಕಂಬಳಿಗಳಲ್ಲಿ ಒಂದನ್ನು ಅವರಿಗೆ ಕೊಟ್ಟು, ಉಳಿದದ್ದರಲ್ಲಿ ತಾವಿಬ್ಬರೂ ಮುದುರಿ ಮಲಗಿದರು. ಒಂದೇ ಕಂಬಳಿಯಲ್ಲಿ ನಡುಗಿದ ಇಂಥ ರಾತ್ರಿಗಳ ನಂಟು ಸುಲಭಕ್ಕೆ ಸಡಿಲುವಂಥದಲ್ಲ.

ಮುಂದೆ ಪೆರು. ಲಿಮಾದಲ್ಲಿ ಕುಷ್ಠರೋಗ ತಜ್ಞ ಡಾ. ಹ್ಯೂಗೊ ಪೆಸ್ಸೆ ಅವರಿಗೆ ಆಸರೆಯಾದರು. ಅಮೆಜಾನ್ ದಂಡೆಯ ಸಾನ್ ಪಾಬ್ಲೊ ಕುಷ್ಠರೋಗಿಗಳ ವಸತಿಯಲ್ಲಿ ಇಬ್ಬರೂ ರೋಗಿಗಳ ಕೈ ಕುಲುಕಿದರು, ಅವರೊಂದಿಗೆ ಫುಟ್‌ಬಾಲ್ ಆಡಿದರು. ರೋಗಿಗಳನ್ನು ಮುಟ್ಟಲು ಜನ ಅಂಜುತ್ತಿದ್ದ ಕಾಲವದು. 1952ರ ಜೂನ್ 14ರಂದು ಅಲ್ಲೇ ಅರ್ನೆಸ್ಟೊನ 24ನೇ ಹುಟ್ಟುಹಬ್ಬ. ಬೀಳ್ಕೊಡುವಾಗ ಅವರಿಗೊಂದು ತೆಪ್ಪ ಸಿಕ್ಕಿತು. ಹೆಸರು 'ಮಾಂಬೊ-ಟ್ಯಾಂಗೊ'. ಅದೂ ಗಾಡಿಯ ಹಾಗೆಯೇ ಹೇಳಿದ ಮಾತು ಕೇಳಲಿಲ್ಲ! ಕೊಲಂಬಿಯಾದ ಲೆಟೀಸಿಯಾದಲ್ಲಿ ಕೈಯಲ್ಲಿ ಕಾಸಿಲ್ಲದೆ ಫುಟ್‌ಬಾಲ್ ತಂಡವೊಂದರ ತರಬೇತುದಾರರಾದರು. ಉಬ್ಬಸದವನು ಗೋಲ್‌ಕೀಪರ್, ಗ್ರನಾಡೊನ ಚೆಂಡಿನ ಚಮತ್ಕಾರ ಕಂಡ ಜನ ಅವನಿಗೆ ಪ್ರಸಿದ್ಧ ಆಟಗಾರ ಪೆದೆರ್ನೆರಾನ ಹೆಸರಿಟ್ಟು ಕೂಗಿದರು.

ಜುಲೈ ಕೊನೆಯಲ್ಲಿ, ವೆನೆಜುವೆಲಾದ ಕರಾಕಸ್‌ನಲ್ಲಿ, ದಾರಿಗಳು ಬೇರೆಯಾದವು. ಗ್ರನಾಡೊಗೆ ಅಲ್ಲಿನ ಕುಷ್ಠರೋಗಿಗಳ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು. ಅರ್ನೆಸ್ಟೊ ಕುದುರೆ ಸಾಗಿಸುವ ವಿಮಾನ ಹತ್ತಿದ. ಡಾಕ್ಟರ್ ಪದವಿ ಮುಗಿಸಿ ಬಂದು ಗೆಳೆಯನ ಜೊತೆಗೇ ಕೆಲಸ ಮಾಡುವುದೆಂದು ಮಾತಾಗಿತ್ತು. 1953ರಲ್ಲಿ ಪದವಿ ಪಡೆದು ಹೊರಟದ್ದೂ ನಿಜ. ಆದರೆ ಈಕ್ವೆಡಾರ್‌ನಲ್ಲಿ ಮನಸ್ಸು ಬದಲಾಗಿ ಗ್ವಾಟೆಮಾಲಾದ ಕಡೆ ತಿರುಗಿದ. ಅಲ್ಲಿಂದ ಮೆಕ್ಸಿಕೊ, ಫಿಡೆಲ್ ಕ್ಯಾಸ್ಟ್ರೊ, ಕ್ಯೂಬಾದ ಕಾಡು. ಕೊಟ್ಟ ಮಾತು ಉಳಿಯಲಿಲ್ಲ.

ಎಷ್ಟೋ ಗೆಳೆತನಗಳು ಇಂಥ ಕಡೆ ಮುಗಿಯುತ್ತವೆ. ಒಬ್ಬ ಪ್ರಯೋಗಶಾಲೆಯಲ್ಲಿ ಉಳಿದ, ಮದುವೆಯಾಗಿ ಸಂಸಾರಿಯಾದ. ಇನ್ನೊಬ್ಬ ಕ್ರಾಂತಿಯ ನಾಯಕನಾಗಿ, ಕ್ಯೂಬಾದ ರಾಷ್ಟ್ರೀಯ ಬ್ಯಾಂಕಿನ ಅಧ್ಯಕ್ಷನಾಗಿ ಪತ್ರಿಕೆಗಳ ಮುಖಪುಟದಲ್ಲಿದ್ದ. 1960ರಲ್ಲಿ ಗ್ರನಾಡೊ ಹವಾನಾಕ್ಕೆ ಹೋಗಿ, ಎಂಟು ವರ್ಷಗಳ ಮೇಲೆ ಹಳೆಯ ಫೂಸೆರ್‌ನನ್ನು ಕಂಡ. ಮರುವರ್ಷವೇ ಹೆಂಡತಿ ಮಕ್ಕಳೊಂದಿಗೆ ಗಂಟುಮೂಟೆ ಕಟ್ಟಿ ಕ್ಯೂಬಾಕ್ಕೆ ಬಂದುಬಿಟ್ಟ. ಒಟ್ಟಿಗೆ ಕೆಲಸ ಮಾಡೋಣವೆಂದು ಮಾತು ಕೊಟ್ಟವನು ಬರಲಿಲ್ಲ, ಕಾದಿದ್ದವನೇ ಹೋದ. ಹೋಗಿ ಅಧಿಕಾರದ ನೆರಳಿನಲ್ಲಿ ಕೂರಲಿಲ್ಲ. ಜೀವರಸಾಯನದ ಪಾಠ ಹೇಳಿದ. 1962ರಲ್ಲಿ ಸ್ಯಾಂಟಿಯಾಗೊ ಡಿ ಕ್ಯೂಬಾದಲ್ಲಿ ವೈದ್ಯಕೀಯ ಶಾಲೆ ಕಟ್ಟಿದವರಲ್ಲಿ ಒಬ್ಬನಾದ.

ಚೆಯ ರಾಜಕೀಯವನ್ನೂ ಬಂದೂಕನ್ನೂ ಒಪ್ಪದವರು ಬೇಕಾದಷ್ಟು ಜನ. ಆ ವಾದ ಬೇರೆಯೇ. 1965ರಲ್ಲಿ ಗುಟ್ಟಾಗಿ ಕ್ಯೂಬಾ ಬಿಡುವಾಗ ಅವನು ಗ್ರನಾಡೊಗಾಗಿ ಸಕ್ಕರೆ ಉದ್ಯಮದ ಕುರಿತ ಪುಸ್ತಕವೊಂದರ ಮೇಲೆ ನಾಲ್ಕು ಸಾಲು ಗೀಚಿಟ್ಟಿದ್ದ. ಅದರಲ್ಲೂ ಮತ್ತೆ ಅಲೆದಾಟಕ್ಕೆ ಹೊರಟ ಮಾತೇ. ಈ ಸಲ ಹಿಂದಿನ ಸೀಟಿಗೆ ಗೆಳೆಯನನ್ನು ಕರೆಯಲಿಲ್ಲ. 1967ರ ಅಕ್ಟೋಬರ್ 9ರಂದು ಬೊಲಿವಿಯಾದಲ್ಲಿ ಅವನನ್ನು ಸೆರೆಯಲ್ಲಿ ಗುಂಡಿಕ್ಕಿ ಕೊಂದರು. ವಯಸ್ಸು 39.

ಗ್ರನಾಡೊ ಆ ಮೇಲೆ 43 ವರ್ಷ ಬದುಕಿದ. ಪಯಣದ ದಾರಿಯಲ್ಲಿ ತಾನೂ ಬರೆದಿಟ್ಟಿದ್ದ ದಿನಚರಿಯನ್ನು 1978ರಲ್ಲಿ ಪುಸ್ತಕವಾಗಿ ತಂದ. ವಾಲ್ಟರ್ ಸಾಲೆಸ್ 2004ರಲ್ಲಿ ತೆರೆಗೆ ತಂದ 'ದಿ ಮೋಟಾರ್‌ಸೈಕಲ್ ಡೈರೀಸ್' ಚಿತ್ರಕ್ಕೆ ಸಲಹೆಗಾರನಾಗಿ, ಎಂಬತ್ತು ದಾಟಿದ ವಯಸ್ಸಿನಲ್ಲಿ ಚಿತ್ರೀಕರಣದ ಜಾಗಗಳಿಗೂ ಹೋದ. ಆ ಚಿತ್ರದ ಕೊನೆಯಲ್ಲಿ ಅರ್ನೆಸ್ಟೊನನ್ನು ಹೊತ್ತ ವಿಮಾನ ಮೇಲೇರುತ್ತದೆ. ನೋಡುತ್ತ ನಿಂತ ತರುಣ ನಟನ ಜಾಗದಲ್ಲಿ ಒಂದು ಸುಕ್ಕುಗಟ್ಟಿದ ಮುಖ ಮೂಡುತ್ತದೆ. ಅದು ನಟನ ಮುಖವಲ್ಲ, ನಿಜವಾದ ಗ್ರನಾಡೊನದು.

2011ರ ಮಾರ್ಚ್ 5ರಂದು ಹವಾನಾದಲ್ಲಿ, 88ನೇ ವಯಸ್ಸಿನಲ್ಲಿ ಮಿಯಾಲ್ ತೀರಿಕೊಂಡ. ತನ್ನ ಬೂದಿಯನ್ನು ಕ್ಯೂಬಾದಲ್ಲಷ್ಟೇ ಅಲ್ಲ, ಗಾಡಿ ಹೊರಟ ಅರ್ಜೆಂಟೀನಾದಲ್ಲಿ, ಗೆಳೆಯನನ್ನು ವಿಮಾನ ಹತ್ತಿಸಿದ ವೆನೆಜುವೆಲಾದಲ್ಲೂ ಹರಡಬೇಕೆಂದು ಹೇಳಿಟ್ಟಿದ್ದ.