ಮನೆಮಂದಿಯೆಲ್ಲ ಓದಬಹುದಾದ ಕುತೂಹಲದ ಕಾದಂಬರಿಗಳು

ಮಹಾನಗರಗಳಲ್ಲಿ ನೆಲೆಸಿದ ಕನ್ನಡಿಗರ ಮನೆಗಳಲ್ಲಿ ಸಾಮಾನ್ಯವಾಗಿ ಒಂದು ಪುಸ್ತಕದ ಕಪಾಟು ಇರುತ್ತದೆ. ಊರಿಗೆ ಹೋಗಿ ಬಂದಾಗಲೆಲ್ಲ ಉಪ್ಪಿನಕಾಯಿ ಭರಣಿ, ಹಪ್ಪಳದ ಕಟ್ಟುಗಳ ಜೊತೆಯಲ್ಲಿ ಬಂದು ಸೇರಿದ ಪುಸ್ತಕಗಳು ಅದರಲ್ಲಿರುತ್ತವೆ. ಹಿರಿಯರು ಅವನ್ನು ಓದಿದ್ದಾರೆ, ಮಕ್ಕಳು ಮುಟ್ಟಿಲ್ಲ. ಮನೆಯಲ್ಲಿ ಕನ್ನಡವನ್ನು ನಿರರ್ಗಳವಾಗಿ ಆಡುವ ಹುಡುಗ ಅಥವಾ ಹುಡುಗಿ ಕನ್ನಡದ ಒಂದು ಪುಟವನ್ನು ಓದಲು ತಡವರಿಸುವ ದೃಶ್ಯ ಮುಂಬಯಿ, ಪುಣೆ, ಚೆನ್ನೈ, ದೆಹಲಿಗಳಲ್ಲಿ ಅಪರೂಪವಲ್ಲ. ಭಾಷೆಯ ಮಹತ್ತ್ವವನ್ನು ಕುರಿತು ಎಷ್ಟು ಉಪದೇಶ ಮಾಡಿದರೂ ಈ ತೊಡಕು ಬಿಡಿಸಿಕೊಳ್ಳುವುದಿಲ್ಲ. ಆದರೆ 'ಮುಂದೇನಾಯಿತು?' ಎಂಬ ಪ್ರಶ್ನೆಗೆ ಆ ಶಕ್ತಿಯಿದೆ.

ಈ ಮಾತಿಗೆ ಕನ್ನಡದಲ್ಲಿಯೇ ಪ್ರಬಲವಾದ ನಿದರ್ಶನವಿದೆ. ಹೆಚ್ಚಿನ ಶಾಲಾ ವಿದ್ಯಾಭ್ಯಾಸವಿಲ್ಲದ ಎನ್. ನರಸಿಂಹಯ್ಯನವರು ಐದುನೂರಕ್ಕೂ ಹೆಚ್ಚು ಪತ್ತೇದಾರಿ ಕಾದಂಬರಿಗಳನ್ನು ಬರೆದರು. ಪತ್ತೇದಾರ ಪುರುಷೋತ್ತಮನ ಬೆನ್ನು ಹತ್ತಿ ಅಕ್ಷರವನ್ನು ಕೂಡಿಸಿ ಓದಲು ಕಲಿತವರು, ಮುಂದೆ ಗಂಭೀರ ಸಾಹಿತ್ಯಕ್ಕೆ ದಾಟಿದವರು ಅನೇಕರು. ಇಂಥ ಕೃತಿಗಳು ಕಾಲಹರಣದ ಸರಕೆಂದು ಮೂಗು ಮುರಿಯುವ ಅಭ್ಯಾಸ ಒಂದು ಕಾಲದಲ್ಲಿ ಬಲವಾಗಿತ್ತು. ಆದರೆ ಓದುಗರನ್ನು ಮೊದಲ ಮೆಟ್ಟಿಲು ಹತ್ತಿಸಿದ ಪುಣ್ಯ ಅವಕ್ಕೆ ಸಲ್ಲಲೇಬೇಕು. ಅಂಥ ಕುತೂಹಲವನ್ನು ಉಳಿಸಿಕೊಂಡೇ ಬದುಕಿನ ಆಳವನ್ನೂ ತೋರಿಸುವ ಕೆಲವು ಕಾದಂಬರಿಗಳನ್ನು ಇಲ್ಲಿ ಪರಿಚಯಿಸಲಾಗಿದೆ. ಕಥೆಯ ಗುಟ್ಟುಗಳನ್ನು ಮಾತ್ರ ಓದುಗರಿಗೇ ಬಿಡಲಾಗಿದೆ.

ಮೊದಲಿಗೆ ಪೂರ್ಣಚಂದ್ರ ತೇಜಸ್ವಿಯವರ 'ಚಿದಂಬರ ರಹಸ್ಯ' (1985). ಮಲೆನಾಡಿನ ಕೆಸರೂರಿನಲ್ಲಿ ಏಲಕ್ಕಿ ಬೆಳೆ ಕ್ಷೀಣಿಸುತ್ತಿದೆ. ಅದರ ಸಂಶೋಧನೆಯಲ್ಲಿ ತೊಡಗಿದ್ದ ವಿಜ್ಞಾನಿಯೊಬ್ಬನ ಸಾವು ಸಂಶಯಾಸ್ಪದವಾಗಿದೆ. ತನಿಖೆಗೆ ಅಧಿಕಾರಿಯೊಬ್ಬ ಬರುತ್ತಾನೆ. ಇಷ್ಟರಿಂದ ಆರಂಭವಾಗುವ ಕಥೆ ಒಂದು ಕೊಲೆಯ ಪತ್ತೆಯಲ್ಲಿ ನಿಲ್ಲದೆ ಊರಿನ ಜಾತಿ, ಮೂಢನಂಬಿಕೆ, ಕಾಡಿನ ನಾಶ, ಯುವಕರ ಚಡಪಡಿಕೆ ಎಲ್ಲವನ್ನೂ ತಡಕುತ್ತದೆ. ನಗು ಬರಿಸುತ್ತಲೇ ಭಯ ಹುಟ್ಟಿಸುವುದು ಈ ಕೃತಿಯ ವೈಶಿಷ್ಟ್ಯ. ಇದಕ್ಕೆ 1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಲಭಿಸಿತು.

ಅವರದೇ 'ಜುಗಾರಿ ಕ್ರಾಸ್' (1994) ಇನ್ನೂ ವೇಗವಾದ ಕೃತಿ. ಏಲಕ್ಕಿ ಮಾರಲು ಹೊರಟ ಸುರೇಶ, ಗೌರಿ ಎಂಬ ಎಳೆಯ ದಂಪತಿಗಳು ತಮಗರಿವಿಲ್ಲದೆಯೇ ಕಳ್ಳವ್ಯವಹಾರದ ಸುಳಿಗೆ ಸಿಲುಕುತ್ತಾರೆ. ಬಸ್ಸು, ಜೀಪು, ರೈಲು, ಸುರಂಗ ಎಂದು ಓಡುವ ಕಥೆಗೆ ಹಳೆಯ ಕನ್ನಡದ ಬರಹವೊಂದರ ಒಗಟೂ ಸೇರಿಕೊಳ್ಳುತ್ತದೆ. ನಗರದ ಲೋಕಲ್ ರೈಲಿನಲ್ಲಿ ಓದತೊಡಗಿದವರು ಇಳಿಯಬೇಕಾದ ನಿಲ್ದಾಣವನ್ನು ಮರೆತರೆ ಆಶ್ಚರ್ಯವಿಲ್ಲ. ಓದಿ ಮುಗಿಸಿದ ಬಳಿಕ ಉಳಿಯುವುದು ಮಾತ್ರ ಸಣ್ಣ ಬೆಳೆಗಾರನ ಅಸಹಾಯಕತೆಯ ಚಿತ್ರ.

ಇತಿಹಾಸದಲ್ಲಿ ಆಸಕ್ತಿಯುಳ್ಳವರಿಗೆ ಕೆ.ಎನ್. ಗಣೇಶಯ್ಯನವರ ಕಾದಂಬರಿಗಳು ಹಬ್ಬದೂಟವಿದ್ದಂತೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದ ಈ ವಿಜ್ಞಾನಿ ಶಾಸನ, ಶಿಲ್ಪ, ಐತಿಹ್ಯಗಳನ್ನು ಸುಳಿವುಗಳಾಗಿ ಬಳಸಿ ರೋಚಕ ಕಥೆ ಹೆಣೆಯುತ್ತಾರೆ. 1565ರ ಯುದ್ಧದ ನಂತರ ವಿಜಯನಗರದ ಐಶ್ವರ್ಯ ಎಲ್ಲಿಗೆ ಹೋಯಿತು ಎಂಬ ಪ್ರಶ್ನೆಯೇ 'ಕರಿಸಿರಿಯಾನ'ದ ಬೀಜ. ಕಲ್ಪನೆ ಎಲ್ಲಿ ಮುಗಿಯಿತು, ದಾಖಲೆ ಎಲ್ಲಿ ತೊಡಗಿತು ಎಂದು ಓದುಗರು ಎಚ್ಚರದಿಂದ ವಿಂಗಡಿಸಿಕೊಳ್ಳಬೇಕು. ಆ ವಿಂಗಡಣೆಯೇ ಮನೆಯ ಊಟದ ಹೊತ್ತಿನ ಚರ್ಚೆಗೆ ಒಳ್ಳೆಯ ವಸ್ತುವಾಗಬಲ್ಲದು.

ಅದ್ಭುತರಮ್ಯ ಕಥೆಗಳನ್ನು ಬಯಸುವವರು ಚಂದ್ರಶೇಖರ ಕಂಬಾರರ 'ಶಿಖರಸೂರ್ಯ' (2006) ಕಾದಂಬರಿಯನ್ನು ಕೈಗೆತ್ತಿಕೊಳ್ಳಬಹುದು. ಶಿವಾಪುರ, ಕನಕಪುರಿ ಎಂಬ ಕಲ್ಪಿತ ನೆಲೆಗಳಲ್ಲಿ ನಡೆಯುವ ಈ ಕಥೆಯಲ್ಲಿ ಜಾನಪದದ ಮಾಯೆ ತುಂಬಿದೆ. ಜೀವ ಉಳಿಸುವ ವಿದ್ಯೆಯನ್ನು ಅಧಿಕಾರದ ದಾಹಕ್ಕೆ ಬಳಸಿದರೆ ಏನಾದೀತು ಎಂಬ ಪ್ರಶ್ನೆ ಇದರ ಹೃದಯದಲ್ಲಿದೆ. ವೈದ್ಯವಿದ್ಯೆಯೂ ಹಣವೂ ಒಂದೇ ತಕ್ಕಡಿಯಲ್ಲಿ ತೂಗುವ ಇಂದಿನ ದಿನಗಳಲ್ಲಿ ಈ ಪುರಾಣಸದೃಶ ಕಥೆ ಬಹು ಸಮೀಪದ್ದೆನಿಸುತ್ತದೆ. ಗಾತ್ರ ದೊಡ್ಡದು, ನಡೆ ನಿಧಾನ. ಆದ್ದರಿಂದ ಇದು ದೀರ್ಘ ರಜೆಗೆ ಒಪ್ಪುವ ಓದು.

ವೈಜ್ಞಾನಿಕ ಕುತೂಹಲಕ್ಕೆ 'ಕರ್ವಾಲೊ' (1980) ಇಂದಿಗೂ ಸಾಟಿಯಿಲ್ಲದ ಪ್ರವೇಶದ್ವಾರ. ವಿಜ್ಞಾನಿ ಕರ್ವಾಲೊ, ಜೇನುನೊಣಗಳ ಮರ್ಮ ಬಲ್ಲ ಹಳ್ಳಿಯ ಮಂದಣ್ಣ, ಕೃಷಿಯಿಂದ ಬೇಸತ್ತ ನಿರೂಪಕ, ಕಿವಿ ಎಂಬ ನಾಯಿ, ಇವರೆಲ್ಲ ಸೇರಿ ಹಾರುವ ಓತಿಯೊಂದನ್ನು ಅರಸಿ ಕಾಡು ಹೊಗುತ್ತಾರೆ. ಈ ಪ್ರಾಣಿ ಬರಿಯ ಕಲ್ಪನೆಯಲ್ಲ. ಪಶ್ಚಿಮಘಟ್ಟದ ಕಾಡು ಮತ್ತು ಅಡಿಕೆ ತೋಟಗಳಲ್ಲಿ, ನೀಳವಾದ ಪಕ್ಕೆಲುಬುಗಳ ಆಧಾರದಿಂದ ಚರ್ಮದ ರೆಕ್ಕೆ ಬಿಚ್ಚಿ ಮರದಿಂದ ಮರಕ್ಕೆ ತೇಲುವ ಓತಿ ನಿಜವಾಗಿಯೂ ಇದೆ. ಕೋಟ್ಯಂತರ ವರ್ಷಗಳ ಜೀವವಿಕಾಸವನ್ನು ಹಳ್ಳಿಯ ಹರಟೆಯ ಭಾಷೆಯಲ್ಲಿ ಹೇಳಿದ ಈ ಕಿರು ಕಾದಂಬರಿಯನ್ನು ಕನ್ನಡ ಓದಲು ಈಗತಾನೇ ಕಲಿತವರ ಕೈಗೂ ಧೈರ್ಯವಾಗಿ ಕೊಡಬಹುದು.

ಹೊರನಾಡಿನ ಕನ್ನಡಿಗರಿಗೆ ನೆರೆಭಾಷೆಯ ಸಂಪತ್ತೂ ಕೈಗೆಟುಕುವಂತಿದೆ. ಮರಾಠಿ ಬಲ್ಲ ಮುಂಬಯಿ, ಪುಣೆಯವರು ಖಗೋಳವಿಜ್ಞಾನಿ ಜಯಂತ ನಾರಳೀಕರರ ವೈಜ್ಞಾನಿಕ ಕಾದಂಬರಿಗಳನ್ನು ಮೂಲದಲ್ಲಿಯೇ ಸವಿಯಬಹುದು. ಅವರ 'ವಾಮನ ಪರತ್ ನ ಆಲಾ' ಎಂಬ ಕೃತಿಯಲ್ಲಿ ಯಂತ್ರಮಾನವನ ಬುದ್ಧಿಯನ್ನು ಮನುಷ್ಯ ಎಷ್ಟರಮಟ್ಟಿಗೆ ನಂಬಬಹುದೆಂಬ ಪ್ರಶ್ನೆಯಿದೆ. ತಮಿಳು ಬಲ್ಲ ಚೆನ್ನೈನವರಿಗೆ ಸುಜಾತ ಅವರ 'ಎನ್ ಇನಿಯ ಇಯಂದಿರಾ' ಇದೆ. ಅದರಲ್ಲಿ ಜೀನೋ ಎಂಬ ಯಂತ್ರನಾಯಿ ಸರ್ವಾಧಿಕಾರಿಯ ರಾಜ್ಯದಲ್ಲಿ ನಾಯಕಿಗೆ ನೆರವಾಗುತ್ತದೆ. ಸುಜಾತ ಎಂಬ ಹೆಸರಿನಿಂದ ಬರೆದ ಎಸ್. ರಂಗರಾಜನ್ ಅವರು ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯಲ್ಲಿ ಎಂಜಿನಿಯರಾಗಿದ್ದವರು. ಕನ್ನಡ ನಾಡಿನಲ್ಲಿ ದುಡಿಯುತ್ತ ತಮಿಳಿನಲ್ಲಿ ಬರೆದ ಅವರ ಉದಾಹರಣೆ ಹೊರನಾಡಿನಲ್ಲಿರುವ ಕನ್ನಡಿಗರಿಗೂ ಸ್ಫೂರ್ತಿ ನೀಡಬಲ್ಲದು.

ಎಸ್.ಎಲ್. ಭೈರಪ್ಪನವರ 'ಯಾನ' (2014) ಹೊರನಾಡಿನ ಮನೆಗಳನ್ನು ವಿಶೇಷವಾಗಿ ತಟ್ಟುವ ಕೃತಿ. ಸೌರಮಂಡಲವನ್ನು ದಾಟಿ, ಹಿಂತಿರುಗುವ ಆಸೆಯಿಲ್ಲದೆ ಸಾಗುವ ಅಂತರಿಕ್ಷ ನೌಕೆಯಲ್ಲಿ ಒಬ್ಬ ಗಂಡು, ಒಬ್ಬ ಹೆಣ್ಣು. ಸೂರ್ಯನನ್ನು ಬಿಟ್ಟರೆ ಅತಿ ಹತ್ತಿರದ ನಕ್ಷತ್ರದಿಂದ ಭೂಮಿಗೆ ಬೆಳಕು ಬರಲು ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಬೇಕೆಂಬುದನ್ನು ನೆನೆದರೆ ಆ ಪಯಣದ ಅಗಾಧತೆ ಅರಿವಾದೀತು. ನೌಕೆಯಲ್ಲಿಯೇ ಹುಟ್ಟಿ ಬೆಳೆದ ಆಕಾಶ್, ಮೇದಿನಿ ಎಂಬ ಮಕ್ಕಳು ಭೂಮಿಯನ್ನು ಕಂಡವರಲ್ಲ. ಮಳೆ, ಮಣ್ಣು, ನೆಂಟರು, ಊರು ಎಲ್ಲವೂ ಅವರಿಗೆ ಹೇಳಿಕೆಯ ಸಂಗತಿಗಳು. ತಂದೆತಾಯಿಯರ ಮೌನದ ಕಾರಣವನ್ನೂ ತಮ್ಮ ಹುಟ್ಟಿನ ಹಿನ್ನೆಲೆಯನ್ನೂ ಅವರು ಅರಿಯುವುದು ಹಿರಿಯರು ಬರೆದಿಟ್ಟ ವೃತ್ತಾಂತವನ್ನು ಓದಿ.

ದೂರದ ನಗರದ ಎಂಟನೆಯ ಮಹಡಿಯ ಮನೆಯಲ್ಲಿ ಬೆಳೆಯುವ ಮಗುವಿಗೂ ಅಜ್ಜನ ಊರು ಬಹುಮಟ್ಟಿಗೆ ಹಾಗೆಯೇ ಅಲ್ಲವೇ? ತೋಟ, ಕೆರೆ, ಜಾತ್ರೆ, ದಾಯಾದಿ ಜಗಳ ಎಲ್ಲವೂ ಹೇಳಿ ಕೇಳಿದವು. ಓದಲು ಬಂದರೆ ಮಾತ್ರ ಅವು ಆ ಮಗುವಿನ ಸ್ವಂತ ಸೊತ್ತಾಗುತ್ತವೆ. ಆಕಾಶ್, ಮೇದಿನಿಯರಿಗೆ ತಂದೆತಾಯಿಯ ಲಿಪಿ ತಿಳಿಯದೆ ಹೋಗಿದ್ದರೆ ಅವರ ಪಾಲಿಗೆ ಭೂಮಿಯೇ ಇಲ್ಲವಾಗುತ್ತಿತ್ತು. 2025ರಲ್ಲಿ ನಿಧನರಾದ ಭೈರಪ್ಪನವರ ಈ ಕೃತಿಯ ವಿಚಾರಗಳನ್ನು ಒಪ್ಪದವರೂ ಇದ್ದಾರೆ. ಅದರ ದಾಂಪತ್ಯದ ಚರ್ಚೆ ಪ್ರಬುದ್ಧ ವಯಸ್ಸಿನವರಿಗೆ ತಕ್ಕುದಾದ್ದರಿಂದ ಕಿರಿಯರಿಗೆ ಕೊಡುವ ಮುನ್ನ ಹಿರಿಯರು ಒಮ್ಮೆ ಓದುವುದು ಮೇಲು.

ಓದುವ ಕ್ರಮದ ಬಗೆಗೆ ಎರಡು ಮಾತು. ನಲವತ್ತು ದಾಟಿದವರಿಗೆ ಹತ್ತಿರದ ಅಕ್ಷರ ಮಸುಕಾಗುವುದು ಸಹಜ. ಓದು ರುಚಿಸುತ್ತಿಲ್ಲವೆಂದು ಪುಸ್ತಕ ಮುಚ್ಚಿಡುವ ಅನೇಕರಿಗೆ ನಿಜವಾಗಿ ಬೇಕಾದುದು ಸರಿಯಾದ ಕನ್ನಡಕ ಮತ್ತು ಹೆಗಲ ಹಿಂದಿನಿಂದ ಪುಟದ ಮೇಲೆ ಬೀಳುವ ಬೆಳಕು. ರೋಚಕ ಕಥೆಯನ್ನು ಮಲಗುವ ಹೊತ್ತಿಗೆ ಆರಂಭಿಸಿದರೆ ನಿದ್ರೆ ಕೆಡುವುದರಿಂದ ಸಂಜೆಯ ಹೊತ್ತೇ ಲೇಸು.

ಎಲ್ಲಕ್ಕಿಂತ ಉತ್ತಮವಾದುದು ಗಟ್ಟಿಯಾಗಿ ಓದುವ ಪದ್ಧತಿ. ಅಜ್ಜಿಯೋ ತಂದೆಯೋ ದಿನಕ್ಕೆ ಹತ್ತು ಪುಟ ಓದಿ, ಕಥೆ ಬಿಗಿಗೊಂಡ ಜಾಗದಲ್ಲಿ ಪುಸ್ತಕವನ್ನು ಮೇಜಿನ ಮೇಲೆ ತೆರೆದಿಟ್ಟು ಎದ್ದು ಹೋಗಬೇಕು. ಹಾರುವ ಓತಿ ಸಿಕ್ಕಿತೋ ಇಲ್ಲವೋ ಎಂದು ತಾಳಲಾರದ ಮಗು ಬೆರಳಿಟ್ಟು ಮುಂದಿನ ಸಾಲನ್ನು ತಾನೇ ಕೂಡಿಸಿ ಓದಲು ತೊಡಗಿದ ದಿನ ಆ ಕಪಾಟಿನ ಪುಸ್ತಕಗಳಿಗೆ ಮುಂದಿನ ತಲೆಮಾರಿನ ಓದುಗರು ದೊರೆತರೆಂದೇ ತಿಳಿಯಬೇಕು.